‘ಜಾಮೀನುರಹಿತ’ ಅಂದರೆ ಜಾಮೀನೇ ಇಲ್ಲ ಅಂತಲಾ?

ಪ್ರಶ್ನೆ: ಜಿಎಸ್‌ಟಿ ವಂಚನೆ ಆರೋಪದಲ್ಲಿ ನಮ್ಮ ಭಾವನನ್ನು ಅರೆಸ್ಟ್ ಮಾಡಿದ್ದಾರೆ. ಜಾಮೀನುರಹಿತ ಕೇಸಂತೆ. ಹಾಗಾದರೆ ಬೇಲ್ ಸಿಗೋದೇ ಇಲ್ವಾ?

ಸಿಗುತ್ತದೆ. ಈ ಪದವೇ ಸುಮ್ನೆ ಜನರನ್ನು ಹೆದರಿಸುತ್ತದೆ. ಜಾಮೀನುಸಹಿತ ಎಂದು ಕಾನೂನೇ ಹೇಳಿದ ಕೇಸುಗಳಲ್ಲಿ ಜಾಮೀನು ಹಕ್ಕು. ಇಲ್ಲಿ ಕೋರ್ಟನ್ನು ಕೇಳಬೇಕು, ಕೊಡುವುದು ಬಿಡುವುದು ಜಡ್ಜ್ ಕೈಲಿದೆ. ವ್ಯತ್ಯಾಸ ಅಷ್ಟೇ.

ಮೊದಲು ಮೊತ್ತ ನೋಡಿ. ಜಿಎಸ್‌ಟಿ ಕಾಯ್ದೆಯ 132ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ 5 ಕೋಟಿ ರೂಪಾಯಿ ದಾಟಿದ ಮೇಲೆಯೇ ಕೇಸು ಜಾಮೀನುರಹಿತ ಆಗುವುದು. ಗಮನಿಸಿ, 5 ಕೋಟಿ ವಹಿವಾಟಲ್ಲ, ತೆರಿಗೆ. ಅದೂ ನಕಲಿ ಬಿಲ್, ಬಿಲ್ ಇಲ್ಲದ ಮಾರಾಟ, ಸುಳ್ಳು ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು), ಗ್ರಾಹಕರಿಂದ ವಸೂಲಿ ಮಾಡಿ ಮೂರು ತಿಂಗಳಾದರೂ ಕಟ್ಟದ ತೆರಿಗೆ, ಇಂಥ ಆರೋಪಗಳಿಗೆ ಮಾತ್ರ.

ಇನ್ನು ಕೋರ್ಟ್ ಏನು ನೋಡುತ್ತದೆ? ತಪ್ಪು ಮಾಡಿದ್ದಾನಾ ಅನ್ನೋದು ವಿಚಾರಣೆಯ ಮಾತು. ಸದ್ಯಕ್ಕೆ ಪ್ರಶ್ನೆ ಬೇರೆ: ಓಡಿಹೋಗ್ತಾನಾ, ಸಾಕ್ಷ್ಯ ಕೆಡಿಸ್ತಾನಾ? ತೆರಿಗೆ ಕೇಸಿನ ಸಾಕ್ಷ್ಯವೆಲ್ಲ ಕಾಗದದ್ದು, ಕಂಪ್ಯೂಟರಿನದ್ದು. ಇ-ವೇ ಬಿಲ್‌ನಲ್ಲಿ (ಸರಕು ಸಾಗಣೆಯ ಆನ್‌ಲೈನ್ ದಾಖಲೆ) ಹತ್ತು ಟನ್ ಕಬ್ಬಿಣ ಹೊತ್ತ ‘ಲಾರಿ’ಯ ನಂಬರ್ ತೆಗೆದು ನೋಡಿದರೆ ಅದು ಯಾರದೋ ಸ್ಕೂಟರ್ ಅಂದುಕೊಳ್ಳಿ. ಆ ದಾಖಲೆ ಸರ್ಕಾರದ ಸರ್ವರ್‌ನಲ್ಲೇ ಇರುತ್ತದೆ. ಹೊರಗೆ ಬಂದವನು ಅದನ್ನೇನು ತಿದ್ದುತ್ತಾನೆ, ಅಲ್ವಾ? ಜತೆಗೆ ಗರಿಷ್ಠ ಶಿಕ್ಷೆ 5 ವರ್ಷ. ಹೀಗಾಗಿ ಇಂಥ ಕೇಸುಗಳಲ್ಲಿ ತೀರಾ ಅಸಾಧಾರಣ ಸಂದರ್ಭ ಬಿಟ್ಟರೆ ಜಾಮೀನು ಕೊಡಬೇಕು ಎಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಆದರೂ ಬಡವರ ಆಧಾರ್ ಬಳಸಿ ಸಾಲುಸಾಲು ಬೋಗಸ್ ಕಂಪನಿ ತೆರೆದವರು, ಸಮನ್ಸ್ ಬಂದಾಗಲೆಲ್ಲ ತಲೆಮರೆಸಿಕೊಂಡವರು ಕಷ್ಟಪಡಬೇಕಾಗುತ್ತದೆ. ನನ್ನ ಕೇಳಿದರೆ ಅದು ಸರಿಯೇ.

ಇನ್ನೊಂದು ದಾರಿಯೂ ಇದೆ. ಬಂಧಿಸಿ ರಿಮಾಂಡ್ ಆದ (ಅಂದರೆ ಕೋರ್ಟ್ ಕಸ್ಟಡಿಗೆ ಕಳಿಸಿದ) 60 ದಿನದೊಳಗೆ ಇಲಾಖೆ ಕೋರ್ಟಿನಲ್ಲಿ ದೂರು ದಾಖಲಿಸದಿದ್ದರೆ ಜಾಮೀನು ಹಕ್ಕೇ ಆಗುತ್ತದೆ. ಆದರೆ ಅರ್ಜಿ ಹಾಕಬೇಕು. ಅವರು ದೂರು ಹಾಕಿಬಿಟ್ಟ ಮೇಲೆ ಕೇಳಿದರೆ ಆ ಹಕ್ಕು ಹೋದ ಹಾಗೆಯೇ. ಆದ್ದರಿಂದ ಭಾವನ ರಿಮಾಂಡ್ ತಾರೀಖು ಇವತ್ತೇ ಬರೆದಿಟ್ಟುಕೊಳ್ಳಿ.

ಅರೆಸ್ಟ್ ಆಗದೆ ಬರೀ ಸಮನ್ಸ್ ಬಂದಿರುವವರು ನಿರೀಕ್ಷಣಾ ಜಾಮೀನು, ಅಂದರೆ ಬಂಧನಕ್ಕೆ ಮೊದಲೇ ಪಡೆಯುವ ಜಾಮೀನು, ಕೇಳಬಹುದು. ಎಫ್‌ಐಆರ್ ಇಲ್ಲದಿದ್ದರೂ ಸರಿ ಅಂತ 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ‘ಕಟ್ಟು, ಇಲ್ಲಾಂದ್ರೆ ಅರೆಸ್ಟ್’ ಎಂದು ಹೆದರಿಸಿ ತೆರಿಗೆ ಕಟ್ಟಿಸಿಕೊಳ್ಳುವಂತಿಲ್ಲ ಅನ್ನೋದೂ ಅದೇ ತೀರ್ಪಿನಲ್ಲಿದೆ.