ಓದುಗರ ಪ್ರಶ್ನೆ: ಮೊಲದ ಹಿಮ್ಮಡಿ ಕೆಂಪಾಗಿದೆ, ಒಂದು ಉಗುರೂ ಕಿತ್ತುಬಂದಿದೆ. ಏನು ಹಚ್ಚಲಿ?

ಮಳೆ ಹಿಡಿಯಿತು ಅಂದರೆ ಈ ಪ್ರಶ್ನೆ ಬಂತು ಅಂತಲೇ ಅರ್ಥ. ತೀರ್ಥಹಳ್ಳಿ ಕಡೆಯಿಂದ ಬರುತ್ತದೆ, ಹೊಸನಗರದಿಂದ ಬರುತ್ತದೆ, ಈ ಸಲ ಶಿವಮೊಗ್ಗ ಪೇಟೆಯವರೂ ಕೇಳಿದ್ದಾರೆ. ನಾನು ಎಲ್ಲರಿಗೂ ಹೇಳುವುದು ಒಂದೇ: ಹಚ್ಚುವುದು ಆಮೇಲೆ, ಮೊದಲು ಗೂಡಿನ ತಳದ ಫೋಟೋ ಕಳಿಸಿ. ಫೋಟೋದಲ್ಲಿ ಕಾಣುವುದೂ ಹೆಚ್ಚುಕಮ್ಮಿ ಒಂದೇ. ತಂತಿ ಜಾಲರಿ.

"ಜಾಲರಿ ಇದ್ರೆ ಹಿಕ್ಕೆ ಕೆಳಗೆ ಬೀಳುತ್ತೆ, ಕ್ಲೀನಾಗಿರುತ್ತೆ. ಫಾರ್ಮಿನವರೂ ಹಾಗೇ ಸಾಕ್ತಾರಲ್ವಾ?"

ಸಾಕುತ್ತಾರೆ, ಮಾಂಸಕ್ಕೆ. ಮೂರ್ನಾಲ್ಕು ತಿಂಗಳಿಗೆ ಅದರ ಕತೆ ಮುಗಿಯಿತು. ಹಿಮ್ಮಡಿ ಸವೆಯುವಷ್ಟು ದಿನ ಅದು ಬದುಕಿರುವುದೇ ಇಲ್ಲ. ನಿಮ್ಮದು ಎಂಟು ಹತ್ತು ವರ್ಷ ಇರಬೇಕಾದ ಜೀವ. ಮರಿ ಹಾಕಿಸಲು ಇಟ್ಟುಕೊಂಡ ದೊಡ್ಡ ಮೊಲಗಳಿಗೆ ಫಾರ್ಮಿನಲ್ಲೂ ಈ ಹುಣ್ಣು ಬರುತ್ತದೆ. ಅದಕ್ಕೇ ತಿಳಿದವರು ಜಾಲರಿಯ ಮೇಲೆ ಕೂರಲು ಒಂದು ಹಲಗೆ ಇಟ್ಟಿರುತ್ತಾರೆ. ನೋಡಿಕೊಂಡು ಬಂದವರಿಗೆ ಜಾಲರಿ ಕಾಣುತ್ತದೆ, ಹಲಗೆ ಕಾಣುವುದಿಲ್ಲ!

ನಾಯಿ, ಬೆಕ್ಕಿನ ಪಾದದಡಿ ಇರುವ ಮೆತ್ತೆ ಮೊಲಕ್ಕಿಲ್ಲ. ಇರುವುದು ಬರೀ ಕೂದಲು, ಅದರ ಕೆಳಗೆ ತೆಳು ಚರ್ಮ, ಆಮೇಲೆ ಮೂಳೆ. ಕೂತಾಗ ಭಾರವೆಲ್ಲ ಹಿಂಗಾಲಿನ ಹಿಮ್ಮಡಿಗೆ. ನಂಬಿಕೆ ಬಾರದಿದ್ದರೆ ಅದೇ ಜಾಲರಿಯ ಮೇಲೆ ಐದು ನಿಮಿಷ ಮಂಡಿಯೂರಿ ಕೂತು ನೋಡಿ. ಸುಮ್ನೆ ಹೇಳುತ್ತಿಲ್ಲ, ನಾನು ಕೂತಿದ್ದೇನೆ.

ಇನ್ನು ಕ್ಲೀನಿನ ಮಾತು. ಹಿಕ್ಕೆ ಒಣ ಗುಳಿಗೆ, ಅದರಿಂದ ಅಂಥ ತೊಂದರೆಯಿಲ್ಲ. ತೊಂದರೆ ಇರುವುದು ಉಚ್ಚೆಯಲ್ಲಿ. ತಂತಿಗೆ ಉದುರಿದ ಕೂದಲು ಮೆತ್ತಿಕೊಳ್ಳುತ್ತದೆ, ಆ ಕೂದಲು ಉಚ್ಚೆ ಹೀರಿಕೊಂಡು ಕೂರುತ್ತದೆ, ಅದರ ಮೇಲೆ ಮೊಲ ಕೂರುತ್ತದೆ. ಮೊಲ ಸಾಮಾನ್ಯವಾಗಿ ಒಂದೇ ಮೂಲೆಗೆ ಹೋಗುವ ಪ್ರಾಣಿ. ಆ ಮೂಲೆಗೊಂದು ಟ್ರೇ ಇಟ್ಟರೆ ಜಾಲರಿ ಮಾಡುವ ಕೆಲಸಕ್ಕಿಂತ ಜಾಸ್ತಿ ಕೆಲಸ ಅದೇ ಮಾಡುತ್ತದೆ.

ಹಾಗಾದರೆ ತಳಕ್ಕೆ ಏನು? ಗಟ್ಟಿ ಹಲಗೆ, ಮೇಲೆ ದಪ್ಪಗೆ ಭತ್ತದ ಹುಲ್ಲು. ಅಡಿಕೆ ದಬ್ಬೆ ಬೇಡ, ಸಂದಿಯಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ. ಕಾವಿ ನೆಲದಲ್ಲಿ ಕಾಲು ಜಾರುತ್ತದೆ, ಒರಟು ಸಿಮೆಂಟು ಕೂದಲನ್ನೇ ಉಜ್ಜಿಹಾಕುತ್ತದೆ. ನಮ್ಮ ಕಡೆಯ ನಿಜವಾದ ಕಷ್ಟ ಅಂದರೆ ಆರಿದ್ರೆಯಿಂದ ಆಶ್ಲೇಷದವರೆಗೆ ಯಾವುದೂ ಒಣಗುವುದಿಲ್ಲ. ಒದ್ದೆ ಹುಲ್ಲು ಜಾಲರಿಗಿಂತ ಕಡೆ. ನಾನು ಎರಡು ಕಂತೆ ಹುಲ್ಲನ್ನು ಬಚ್ಚಲೊಲೆಯ ಹತ್ತಿರ ಇಟ್ಟುಕೊಂಡು ದಿನವೂ ಬದಲಿಸುತ್ತೇನೆ.

ಗೋಣಿಚೀಲ ಹಾಸುವವರಿಗೊಂದು ಮಾತು. ಅಂಚು ಮಡಚಿ ಹೊಲಿಯಿರಿ. ನನ್ನ ಮೊದಲ ಮೊಲದ ಉಗುರು ಗೋಣಿಯ ಎಳೆಗೆ ಸಿಕ್ಕಿಕೊಂಡಿತ್ತು. ಗಾಬರಿಯಲ್ಲಿ ಎಳೆದುಕೊಂಡಿದೆ. ಬೆಳಗ್ಗೆ ನೋಡಿದರೆ ಉಗುರು ಗೋಣಿಯಲ್ಲಿತ್ತು, ಮೊಲ ಮೂಲೆಯಲ್ಲಿತ್ತು. ತಪ್ಪು ಗೋಣಿಯದ್ದೊಂದೇ ಅಲ್ಲ, ನಾನು ಉಗುರು ಕತ್ತರಿಸದೆ ಮೂರು ತಿಂಗಳಾಗಿತ್ತು.

ಒಟ್ಟು 18 ಉಗುರು: ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ಮುಂಗಾಲಿನ ಒಳಬದಿಯ ಹೆಬ್ಬೆರಳಿನಂಥದ್ದನ್ನು ಎಲ್ಲರೂ ಮರೆಯುತ್ತಾರೆ. ಉಗುರು ಉದ್ದವಾದರೆ ಬೆರಳು ಮೇಲಕ್ಕೆದ್ದು ಭಾರ ಇನ್ನಷ್ಟು ಹಿಮ್ಮಡಿಗೆ ಬೀಳುತ್ತದೆ, ಅಂದರೆ ನಿಮ್ಮ ಎರಡು ದೂರೂ ಒಂದೇ. ನಾಲ್ಕರಿಂದ ಆರು ವಾರಕ್ಕೊಮ್ಮೆ ತುದಿ ಕತ್ತರಿಸಿ. ಒಳಗಿನ ರಕ್ತದ ಗೆರೆ ಮುಟ್ಟಬೇಡಿ. ಕಪ್ಪು ಉಗುರಾದರೆ ಹಿಂದಿನಿಂದ ಟಾರ್ಚ್ ಹಿಡಿದರೆ ಕಾಣುತ್ತದೆ. ರಕ್ತ ಬಂದರೆ ಮೈದಾ ಒತ್ತಿ ಹಿಡಿಯಿರಿ.

ವಾರಕ್ಕೊಮ್ಮೆ ಹಿಮ್ಮಡಿಯ ಕೂದಲನ್ನು ಬಾಯಲ್ಲಿ ಊದಿ ನೋಡಿ. ಬೋಳು ಜಾಗ ಒಣಗಿ ತೆಳು ಗುಲಾಬಿ ಬಣ್ಣವಿದ್ದರೆ ತಳ ಬದಲಿಸಿ ಕಾಯಬಹುದು. ಕೆಂಪಾಗಿ ಊದಿದ್ದರೆ, ಹೊಪ್ಪಳೆ ಕಟ್ಟಿದ್ದರೆ, ಮೊಲ ತಿನ್ನುವುದು ಬಿಟ್ಟಿದ್ದರೆ ಎಣ್ಣೆ ಅರಿಶಿನ ಅಂತ ಕೂರದೆ ಡಾಕ್ಟರ ಹತ್ತಿರ ಹೋಗಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆಯಲ್ಲ.

"ಕಾಡುಮೊಲಕ್ಕೆ ಯಾರು ಉಗುರು ಕತ್ತರಿಸ್ತಾರೆ?" ಅಂತ ಒಬ್ಬರು ಕೊಂಕು ತೆಗೆದಿದ್ದಾರೆ. ರಾತ್ರಿಯಿಡೀ ಮಣ್ಣಿನ ಮೇಲೆ ಓಡಾಡುವುದಕ್ಕೆ ಸವೆಯುತ್ತದೆ ಸ್ವಾಮಿ, ನಿಮ್ಮ ಗೂಡಿನಲ್ಲಿ ಓಡಲು ಜಾಗವೆಲ್ಲಿದೆ? ಅಷ್ಟಕ್ಕೂ ಅದು ನಮ್ಮ ಸಾಕುಮೊಲದ ಜಾತಿಯೇ ಅಲ್ಲ. ಸಾಕುಮೊಲದ ಮರಿ ಹುಟ್ಟುವಾಗ ಬೋಳು, ಕಣ್ಣೂ ಬಿಟ್ಟಿರುವುದಿಲ್ಲ. ಕಾಡುಮೊಲದ್ದು ಕಣ್ಣು ಬಿಟ್ಟು, ಮೈತುಂಬ ಕೂದಲಿನೊಂದಿಗೇ ಹುಟ್ಟುತ್ತದೆ. ತೋಟದಲ್ಲಿ ಹುಲ್ಲು ಹೊಡೆಯುವಾಗ ಮರಿ ಒಂದೇ ಕೂತಿರುವುದು ಕಂಡರೆ "ಪಾಪ, ತಾಯಿ ಬಿಟ್ಟುಹೋಗಿದೆ" ಅಂತ ಮನೆಗೆ ತರುತ್ತಾರೆ. ಬಿಟ್ಟಿರುವುದಿಲ್ಲ. ತಾಯಿ ಹಗಲು ದೂರವಿದ್ದು ಕತ್ತಲಾದ ಮೇಲೆ ಬಂದು ಹಾಲು ಕೊಟ್ಟುಹೋಗುತ್ತದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನು ಹಿಡಿದು ಸಾಕುವುದೂ ಅಪರಾಧ. ಇವತ್ತು ತಂದಿದ್ದರೆ ಸಂಜೆಯೊಳಗೆ ಅದೇ ಜಾಗಕ್ಕೆ ಬಿಟ್ಟುಬನ್ನಿ, ರಾತ್ರಿ ಮನೆ ನಾಯಿಯನ್ನು ಕಟ್ಟಿಹಾಕಿ.