ಲೈಟ್ ಉರಿಯುತ್ತದೆ, ಚಿತ್ರ ಮಾತ್ರ ಇಲ್ಲ

ಗೇಮ್ ಕನ್ಸೋಲ್ ರಿಪೇರಿಗೆ ತರುವವರಲ್ಲಿ ಬಹಳ ಜನ ಕಾಯಿಲೆಯ ಜೊತೆಗೆ ಮದ್ದನ್ನೂ ತಾವೇ ಹೇಳಿಬಿಡುತ್ತಾರೆ: "ಎಚ್‌ಡಿಎಂಐ ಪೋರ್ಟ್ ಹೋಗಿದೆ, ಹೊಸದು ಹಾಕಿಕೊಡಿ." ಕನ್ಸೋಲಿನಿಂದ ಟಿವಿಗೆ ಚಿತ್ರ, ಧ್ವನಿ ಒಯ್ಯುವ ಕೇಬಲ್ ಸಿಕ್ಕಿಸುವ ಆ ಕಿಂಡಿ ಹೋಗಿರಲೂಬಹುದು. ಆದರೆ ಸ್ಕ್ರೂಡ್ರೈವರ್ ಮುಟ್ಟುವ ಮೊದಲು ನಾನು ಕೇಳುವುದು ಒಂದೇ ಪ್ರಶ್ನೆ. ಟಿವಿ ಏನು ಹೇಳುತ್ತಿದೆ? "ನೋ ಸಿಗ್ನಲ್" ಎಂದು ತೋರಿಸುತ್ತದೋ, ಏನೂ ಬರೆಯದೆ ಬರೀ ಕಪ್ಪಗಿರುತ್ತದೋ, ಇಲ್ಲಾ ಈ ಫಾರ್ಮ್ಯಾಟ್ ಸಪೋರ್ಟ್ ಆಗುವುದಿಲ್ಲ ಎನ್ನುತ್ತದೋ? ಅರ್ಧಕ್ಕರ್ಧ ಜನ ಅದನ್ನು ಗಮನಿಸಿಯೇ ಇರುವುದಿಲ್ಲ. ಎಲ್ಲರ ಬಾಯಲ್ಲೂ "ಚಿತ್ರ ಬರ್ತಿಲ್ಲ" ಅಷ್ಟೇ. ಈ ಮೂರೂ ಬೇರೆ ಬೇರೆ ತೊಂದರೆಗಳು, ಮೂರಕ್ಕೂ ಹುಡುಕಬೇಕಾದ ಜಾಗ ಬೇರೆ.

ಯಾಕೆ ಎಂದು ತಿಳಿಯಬೇಕಾದರೆ ಆ ಪುಟ್ಟ ಪೋರ್ಟಿನೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ಎಚ್‌ಡಿಎಂಐ ಪೋರ್ಟಿನಲ್ಲಿ 19 ಪಿನ್‌ಗಳಿವೆ. ಚಿತ್ರ ಮತ್ತು ಧ್ವನಿ ಸಾಗುವುದು ಮೊದಲ 12ರಲ್ಲಿ. ಉಳಿದ 7ರ ಕೆಲಸ ಬೇರೆ. ನಮ್ಮ ಅರ್ಧ ತಲೆನೋವು ಇರುವುದು ಅಲ್ಲೇ. ಕನ್ಸೋಲ್ ಆನ್ ಆದಾಗ 18ನೇ ಪಿನ್ನಿನಿಂದ 5 ವೋಲ್ಟ್ ಟಿವಿಗೆ ಹೋಗುತ್ತದೆ. ಅದು ಬಂತೆಂದು ಗೊತ್ತಾದಾಗ ಟಿವಿ 19ನೇ ಪಿನ್ನಿನ ಮೂಲಕ "ನಾನಿಲ್ಲಿದ್ದೇನೆ" ಎಂದು ಉತ್ತರಿಸುತ್ತದೆ. ಇದನ್ನೇ ಹಾಟ್ ಪ್ಲಗ್ ಸಿಗ್ನಲ್ ಎನ್ನುವುದು. ಉತ್ತರ ಸಿಕ್ಕ ಮೇಲೆ ಕನ್ಸೋಲ್ 15 ಮತ್ತು 16ನೇ ಪಿನ್‌ಗಳ ಮೂಲಕ ಟಿವಿಯ ಇಡಿಐಡಿ ಓದುತ್ತದೆ. ಈ ಟಿವಿಗೆ ಯಾವ ರೆಸಲ್ಯೂಶನ್ ಆಗುತ್ತದೆ, ಸೆಕೆಂಡಿಗೆ ಎಷ್ಟು ಫ್ರೇಮ್, ಎಚ್‌ಡಿಆರ್ (ಬೆಳಕು, ಬಣ್ಣದ ಹೆಚ್ಚಿನ ವ್ಯಾಪ್ತಿ) ಉಂಟೇ ಎಂಬೆಲ್ಲ ವಿವರ ಅದರಲ್ಲಿರುತ್ತದೆ. ಕಳ್ಳನಕಲು ತಡೆಯುವ ಎಚ್‌ಡಿಸಿಪಿ ಪರಿಶೀಲನೆ ನಡೆಯುವುದೂ ಅದೇ ಎರಡು ತಂತಿಗಳ ಮೇಲೆ. ಹೀಗಾಗಿ ಚಿತ್ರದ 12 ಪಿನ್‌ಗಳೂ ಗಟ್ಟಿಮುಟ್ಟಾಗಿದ್ದು 18 ಅಥವಾ 19 ಮಾತ್ರ ಒಂದು ಕೂದಲೆಳೆಯಷ್ಟು ಬಾಗಿದ್ದರೂ ಕನ್ಸೋಲಿಗೆ ಎದುರಿಗೆ ಟಿವಿ ಇದೆ ಎಂಬುದೇ ತಿಳಿಯುವುದಿಲ್ಲ.

"ನೋ ಸಿಗ್ನಲ್" ಬಂದರೆ ಮಾತುಕತೆ ಶುರುವಾಗಿಯೇ ಇಲ್ಲ, ಇಲ್ಲವೇ ಚಿತ್ರ ಹೊರಟೇ ಇಲ್ಲ. ತಪ್ಪು ಇನ್‌ಪುಟ್, ಸತ್ತ ಕೇಬಲ್, ಮುರಿದ ಪಿನ್, ಪೋರ್ಟಿಗೆ ಚಿತ್ರ ಕಳಿಸುವ ಚಿಪ್ ಸುಟ್ಟಿರುವುದು, ಎಲ್ಲವೂ ಈ ಗುಂಪಿನಲ್ಲಿವೆ. ಟಿವಿ ಇನ್‌ಪುಟ್ ಗುರುತಿಸಿಯೂ ಕಪ್ಪಗಿದ್ದರೆ, ಅಥವಾ ಒಂದು ಕ್ಷಣ ಚಿತ್ರ ಮೂಡಿ ಮಾಯವಾದರೆ, ಮಾತುಕತೆ ನಡುವೆ ಎಲ್ಲೋ ಮುರಿದಿದೆ. ಸಾಮಾನ್ಯವಾಗಿ ಎಚ್‌ಡಿಸಿಪಿ, ಇಲ್ಲವೇ ಕೇಬಲ್ಲಿನ ತಾಕತ್ತು. ಫಾರ್ಮ್ಯಾಟ್ ಸಪೋರ್ಟ್ ಇಲ್ಲ ಎಂದರೆ ಸಂತೋಷಪಡಿ, ಕನ್ಸೋಲ್ ಕಳಿಸುತ್ತಿದೆ, ಟಿವಿ ಪಡೆಯುತ್ತಿದೆ, ಆದರೆ ಆ ರೆಸಲ್ಯೂಶನ್ ಟಿವಿಗೆ ಆಗಿಬರುತ್ತಿಲ್ಲ. ಇದಕ್ಕೆ ಬಿಡಿಭಾಗ ಯಾವುದೂ ಬೇಡ.

ಈ ಕೊನೆಯದನ್ನು ಮನೆಯಲ್ಲೇ ಸರಿಮಾಡಬಹುದು. ಕನ್ಸೋಲ್ ಒಂದು 4ಕೆ ಟಿವಿಯಲ್ಲಿದ್ದು ಈಗ ಹಳೆಯ ಟಿವಿಗೋ ಮಾನಿಟರಿಗೋ ಬಂದಿದ್ದರೆ ಮೊದಲು ಮಾಡಬೇಕಾದ್ದೂ ಇದನ್ನೇ. ಪ್ಲೇಸ್ಟೇಷನ್ 4 ಮತ್ತು 5ರಲ್ಲಿ ಕನ್ಸೋಲನ್ನು ಪೂರ್ತಿ ಆಫ್ ಮಾಡಿ ಪವರ್ ಬಟನ್ ಒತ್ತಿ ಹಿಡಿಯಿರಿ. ಒತ್ತಿದ ತಕ್ಷಣ ಒಂದು ಬೀಪ್, ಸುಮಾರು 7 ಸೆಕೆಂಡಿಗೆ ಇನ್ನೊಂದು. ಎರಡನೆಯದು ಕೇಳಿಸಿದ ಮೇಲೆ ಬಿಟ್ಟರೆ ಸೇಫ್ ಮೋಡ್, ಅಂದರೆ ತೊಂದರೆ ಸರಿಮಾಡಲೆಂದೇ ಇರುವ ಸರಳ ಪಟ್ಟಿ, ತೆರೆಯುತ್ತದೆ. ಕಂಟ್ರೋಲರನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಸಿಕ್ಕಿಸಲೇಬೇಕು, ಅಲ್ಲಿ ಬ್ಲೂಟೂತ್ ನಡೆಯುವುದಿಲ್ಲ. ಪಟ್ಟಿಯಲ್ಲಿ ಎರಡನೆಯದೇ ನಿಮಗೆ ಬೇಕಾದದ್ದು: ಪ್ಲೇಸ್ಟೇಷನ್ 4ರಲ್ಲಿ ರೆಸಲ್ಯೂಶನ್ ಬದಲಿಸುವುದು, 5ರಲ್ಲಿ ವಿಡಿಯೊ ಔಟ್‌ಪುಟ್ ಬದಲಿಸುವುದು. 5ರಲ್ಲಿ ಎಚ್‌ಡಿಸಿಪಿ ಮೋಡ್ ಬದಲಿಸುವ ಆಯ್ಕೆಯೂ ಅದರೊಳಗೇ ಇದೆ. ಪಟ್ಟಿಯ ತಳಭಾಗದ 6, 7ರ ತಂಟೆಗೆ ಹೋಗಬೇಡಿ. ಅವು ಕನ್ಸೋಲನ್ನು ಒರೆಸಿ ಖಾಲಿ ಮಾಡುವ ಆಯ್ಕೆಗಳು, ಸೇವ್ ಮಾಡಿಟ್ಟ ಆಟಗಳೂ ಹೋಗುತ್ತವೆ. ಚಿತ್ರ ಬರಲಿ ಎಂದು ಅದನ್ನು ಒತ್ತಿ, ಚಿತ್ರವೂ ಇಲ್ಲದೆ ಸೇವ್ ಫೈಲೂ ಇಲ್ಲದೆ ಬಂದವರನ್ನು ನೋಡಿದ್ದೇನೆ.

ಡಿಸ್ಕ್ ಡ್ರೈವ್ ಇರುವ ಎಕ್ಸ್‌ಬಾಕ್ಸ್ ಒನ್, ಸೀರೀಸ್ ಎಕ್ಸ್‌ಗಳಲ್ಲಿ ಪವರ್ ಬಟನ್ನನ್ನು 10 ಸೆಕೆಂಡ್ ಒತ್ತಿ ಆಫ್ ಮಾಡಿ, ಆಮೇಲೆ ಪವರ್ ಮತ್ತು ಇಜೆಕ್ಟ್ ಬಟನ್ ಎರಡನ್ನೂ ಒಟ್ಟಿಗೆ, ಎರಡನೇ ಬೀಪ್ ಬರುವವರೆಗೆ ಹಿಡಿದರೆ 640 × 480ರಲ್ಲಿ ಏಳುತ್ತದೆ. ಪ್ಲೇಸ್ಟೇಷನ್ 3ರಲ್ಲೂ ಆಫ್ ಇದ್ದಾಗ ಪವರ್ ಬಟನ್ನನ್ನು ಎರಡನೇ ಬೀಪಿನವರೆಗೆ ಒತ್ತಿದರೆ ವಿಡಿಯೊ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಬರುತ್ತದೆ. ಈ ಕಡಿಮೆ ರೆಸಲ್ಯೂಶನ್ನಿನಲ್ಲಿ ಚಿತ್ರ ಬಂದಿತೆಂದರೆ ಪೋರ್ಟಿನ ಮೇಲಿನ ಆರೋಪ ಬಹುಮಟ್ಟಿಗೆ ಬಿದ್ದುಹೋಯಿತು. ಉಳಿದದ್ದು ಸೆಟ್ಟಿಂಗ್ ಅಥವಾ ಕೇಬಲ್.

ಕೇಬಲ್ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಸಂಶಯ. ನೋಡಲು ಎಲ್ಲ ಎಚ್‌ಡಿಎಂಐ ಕೇಬಲ್ಲೂ ಒಂದೇ. ಆದರೆ ಎಚ್‌ಡಿಎಂಐ 1.4ರ ಗರಿಷ್ಠ ವೇಗ ಸೆಕೆಂಡಿಗೆ 10.2 ಗಿಗಾಬಿಟ್, 2.0ರದ್ದು 18, 2.1ರದ್ದು 48. ಸೆಟ್‌ಟಾಪ್ ಬಾಕ್ಸಿಗೆ ವರ್ಷಗಟ್ಟಲೆ ಚೆನ್ನಾಗಿ ದುಡಿದ ಕೇಬಲ್ 4ಕೆ 120 ಹರ್ಟ್ಸ್ (ಸೆಕೆಂಡಿಗೆ 120 ಫ್ರೇಮ್) ಬಂದಾಗ ಕೈಚೆಲ್ಲುತ್ತದೆ. "ಇದೇ ಕೇಬಲ್ಲಿನಲ್ಲಿ ಬೇರೆ ಬಾಕ್ಸ್ ಓಡುತ್ತೆ ಸಾರ್" ಎಂಬ ವಾದ ಅದಕ್ಕೇ ನಿಲ್ಲುವುದಿಲ್ಲ. ಕನ್ಸೋಲ್ ಜೊತೆಗೆ ಬಂದ ಕೇಬಲ್ಲನ್ನೇ ಹುಡುಕಿ ಹಾಕಿ ನೋಡಿ. ಗೋಡೆಯೊಳಗಿಂದ ಎಳೆದ ಉದ್ದದ ಆಪ್ಟಿಕಲ್ ಕೇಬಲ್ ಆಗಿದ್ದರೆ ಅದಕ್ಕೆ ದಿಕ್ಕಿದೆ, ಒಂದು ತುದಿಯಲ್ಲಿ ಸೋರ್ಸ್, ಇನ್ನೊಂದರಲ್ಲಿ ಡಿಸ್‌ಪ್ಲೇ ಎಂದು ಬರೆದಿರುತ್ತದೆ. ತಿರುವುಮುರುವು ಹಾಕಿದರೆ ಏನೂ ಬರುವುದಿಲ್ಲ. ಮಧ್ಯೆ ಸೌಂಡ್‌ಬಾರ್, ಸ್ಪ್ಲಿಟರ್, ಕ್ಯಾಪ್ಚರ್ ಕಾರ್ಡ್ ಇದ್ದರೆ ಎಲ್ಲ ಕಿತ್ತು ಕನ್ಸೋಲನ್ನು ನೇರ ಟಿವಿಗೇ ಜೋಡಿಸಿ. ಟಿವಿಯನ್ನೂ ರಿಮೋಟಿನಲ್ಲಲ್ಲ, ಗೋಡೆಯ ಪ್ಲಗ್ಗಿನಿಂದಲೇ ಕಿತ್ತು ಒಂದೆರಡು ನಿಮಿಷ ಬಿಡಿ, ಸ್ಟ್ಯಾಂಡ್‌ಬೈಯಲ್ಲಿ ಅದು ಪೂರ್ತಿ ಮಲಗುವುದಿಲ್ಲ.

ಇಷ್ಟಾದರೂ ಕಪ್ಪಗೇ ಇದ್ದರೆ ಕನ್ಸೋಲ್ ಒಳಗೆ ಜೀವಂತವಾಗಿದೆಯೇ ಎಂದು ತಿಳಿಯಬೇಕು. ಬೋರ್ಡ್ ಬಿಚ್ಚದೆ ತಿಳಿಯುವ ದಾರಿಗಳಿವೆ. ಪ್ಲೇಸ್ಟೇಷನ್ 4ರಲ್ಲಿ ಲೈಟ್ ನೀಲಿಯಿಂದ ಬಿಳಿಗೆ ತಿರುಗಿ ನಿಂತರೆ ಕನ್ಸೋಲ್ ಎದ್ದಿದೆ ಎಂದರ್ಥ. ನೀಲಿ ಮಿನುಗುತ್ತಲೇ ಇದ್ದು ಆರಿಹೋದರೆ ಅದು ಹೆಚ್ಚಾಗಿ ಬೂಟ್ ಆಗುವ, ಅಂದರೆ ಕನ್ಸೋಲ್ ಏಳುವ ತೊಂದರೆ, ಬರೀ ಚಿತ್ರದ್ದಲ್ಲ. ಆಗ ಅವಸರದಲ್ಲಿ ಪೋರ್ಟ್ ಬದಲಿಸುವುದು ದಂಡ. ಬಿಳಿ ಲೈಟ್ ನಿಂತಿದ್ದರೆ ಕಂಟ್ರೋಲರಿನ ಜಾಕಿಗೆ ಇಯರ್‌ಫೋನ್ ಸಿಕ್ಕಿಸಿ ಬಾಣದ ಬಟನ್ ಒತ್ತಿ ನೋಡಿ, ಮೆನು ಸರಿದಾಡುವ ಟಿಕ್ ಟಿಕ್ ಸದ್ದು ಕೇಳಿಸಬಹುದು. ಕನ್ಸೋಲಿನ ಆಟವನ್ನು ಫೋನಿನಲ್ಲಿ ತೋರಿಸುವ ರಿಮೋಟ್ ಪ್ಲೇ ಮೊದಲೇ ಜೋಡಿಸಿಟ್ಟಿದ್ದರೆ ಇನ್ನೂ ಒಳ್ಳೆಯದು. ಫೋನಿನಲ್ಲಿ ಆಟ ಕಾಣಿಸಿತೋ, ಪ್ರೊಸೆಸರ್, ಮೆಮೊರಿ, ಡ್ರೈವ್ ಎಲ್ಲ ಕ್ಷೇಮ, ರೋಗ ಇರುವುದು ಪ್ರೊಸೆಸರಿನಿಂದ ಪೋರ್ಟಿನವರೆಗಿನ ಆ ಕೆಲವು ಸೆಂಟಿಮೀಟರಿನಲ್ಲಿ ಮಾತ್ರ. ಬಿಚ್ಚದೆಯೇ ಇಷ್ಟು ಖಚಿತವಾಗಿ ಹೇಳುವ ಬೇರೆ ಪರೀಕ್ಷೆ ನನಗೆ ಗೊತ್ತಿಲ್ಲ.

ನಿಂಟೆಂಡೊ ಸ್ವಿಚ್ ಕಥೆ ಬೇರೆ. ಅದಕ್ಕೆ ತನ್ನದೇ ಪರದೆ ಇರುವುದರಿಂದ ಕನ್ಸೋಲ್ ಬದುಕಿದೆಯೋ ಎಂಬ ಪ್ರಶ್ನೆ ಏಳುವುದೇ ಇಲ್ಲ. ಟಿವಿಗೆ ಬರುತ್ತಿಲ್ಲ ಎಂದರೆ ಬಹುಪಾಲು ಅಡಾಪ್ಟರೇ ಕಾರಣ. ಮೊದಲ ಸ್ವಿಚ್ಚಿನ ಅಸಲಿ ಅಡಾಪ್ಟರ್ 15 ವೋಲ್ಟ್, 2.6 ಆಂಪಿಯರ್ ಕೊಡುತ್ತದೆ. ಫೋನ್ ಚಾರ್ಜರ್ ಹಾಕಿದರೆ ಬ್ಯಾಟರಿ ಚಾರ್ಜ್ ಆದೀತು, ಕನ್ಸೋಲನ್ನು ಟಿವಿಗೆ ಜೋಡಿಸುವ ಸ್ಟ್ಯಾಂಡ್, ಅಂದರೆ ಡಾಕ್, ಚಿತ್ರ ಕೊಡುವುದಿಲ್ಲ. ಅಸಲಿ ಅಡಾಪ್ಟರನ್ನೇ ಎರಡೂ ತುದಿಯಲ್ಲಿ ಕಿತ್ತು ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ, ಆಮೇಲೆ ಎಚ್‌ಡಿಎಂಐ ಸಿಕ್ಕಿಸಿ, ಕೊನೆಗೆ ಕನ್ಸೋಲನ್ನು ಡಾಕಿನಲ್ಲಿಡಿ. ಸ್ವಿಚ್ ಲೈಟ್ ಆಗಿದ್ದರೆ ಶ್ರಮಪಡಬೇಡಿ, ಅದಕ್ಕೆ ಟಿವಿ ಔಟ್‌ಪುಟ್ಟೇ ಇಲ್ಲ.

ಹಳೆಯ ಹಳದಿ, ಕೆಂಪು, ಬಿಳಿ ವೈರಿನ ಕನ್ಸೋಲ್‌ಗಳ ಬಗ್ಗೆ ಎರಡು ಮಾತು. ಈಗಿನ ಎಷ್ಟೋ ಟಿವಿಗಳಲ್ಲಿ ಹಳದಿ ಸಾಕೆಟ್ ಬೇರೆಯಾಗಿ ಇರುವುದಿಲ್ಲ. ಚಿತ್ರವನ್ನು ಮೂರು ವೈರಿನಲ್ಲಿ ಪಡೆಯುವ ಕಾಂಪೊನೆಂಟ್ ಇನ್‌ಪುಟ್ಟಿನ ಹಸಿರು ಸಾಕೆಟ್ಟೇ ಹಳದಿಗೂ ಆಗುತ್ತದೆ, ಇನ್‌ಪುಟ್ ಪಟ್ಟಿಯಲ್ಲಿ ಎವಿ ಎಂದು ಆರಿಸಬೇಕು, ಕಾಂಪೊನೆಂಟ್ ಆರಿಸಿದರೆ ಚಿತ್ರ ಕಪ್ಪು ಬಿಳುಪಾಗುತ್ತದೆ ಅಥವಾ ಬರುವುದೇ ಇಲ್ಲ. ಪರಿವರ್ತಕ ಡಬ್ಬಿ ಕೊಳ್ಳುವವರು ದಿಕ್ಕು ನೋಡಿ ಕೊಳ್ಳಿ. ಎವಿಯಿಂದ ಎಚ್‌ಡಿಎಂಐಗೆ ಹೋಗುವುದು ಬೇರೆ, ಎಚ್‌ಡಿಎಂಐಯಿಂದ ಎವಿಗೆ ಹೋಗುವುದು ಬೇರೆ, ಹೊರಗಿನಿಂದ ಎರಡೂ ಅವಳಿಗಳು.

ಇನ್ನು ನಿಜವಾಗಿಯೂ ಹಾರ್ಡ್‌ವೇರ್ ಹೋಗಿರುವ ಪ್ರಕರಣ. ಮೊದಲು ಟಾರ್ಚ್ ಹಿಡಿದು ಪೋರ್ಟಿನೊಳಗೆ ನೋಡುತ್ತೇನೆ. ನಡುವಿನ ಪ್ಲಾಸ್ಟಿಕ್ ನಾಲಿಗೆ ಸೀಳಿದೆಯೇ, ಪಿನ್ ಎದ್ದು ಪಕ್ಕದ್ದಕ್ಕೆ ಒರಗಿದೆಯೇ ಎಂಬುದು ಅಲ್ಲೇ ಕಾಣುತ್ತದೆ. ಕಣ್ಣಿಗೆ ಏನೂ ಕಾಣದಿದ್ದರೆ ವಿದ್ಯುತ್ ಸಂಪರ್ಕ ಕಿತ್ತು ಪೋರ್ಟಿಗೆ ಪ್ರತಿ ಪಿನ್ನೂ ಹೊರಗೆ ಕೈಗೆ ಸಿಗುವಂತೆ ಮಾಡುವ ಬ್ರೇಕೌಟ್ ಬೋರ್ಡ್ ಸಿಕ್ಕಿಸಿ, ಮಲ್ಟಿಮೀಟರನ್ನು ಡಯೋಡ್ ಮೋಡಿನಲ್ಲಿಟ್ಟು, ಕೆಂಪು ಪ್ರೋಬ್ ಗ್ರೌಂಡಿಗೆ ಹಿಡಿದು ಕಪ್ಪನ್ನು ಒಂದೊಂದೇ ಪಿನ್ನಿಗೆ ಮುಟ್ಟಿಸುತ್ತಾ ಹೋಗುವುದು. ಎಷ್ಟು ಬರಬೇಕು ಎಂಬುದು ಬೋರ್ಡಿನಿಂದ ಬೋರ್ಡಿಗೆ ಬೇರೆ, ಆದರೆ ಚಿತ್ರ ಒಯ್ಯುವ ಡೇಟಾ ಜೋಡಿಯ ಎರಡು ಪಿನ್‌ಗಳ ಓದು ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಸರಿಯಾಗಿ ಓದಿ ಅದರ ಜೊತೆಗಾರ ಓಪನ್ (ಸಂಪರ್ಕವೇ ಇಲ್ಲ) ಎಂದು ತೋರಿಸಿದರೆ ಬೆಸುಗೆ ಬಿಟ್ಟಿದೆ, ಇಲ್ಲವೇ ಪೋರ್ಟಿನ ಹಿಂದಿರುವ ಸಾಸಿವೆಗಿಂತ ಸಣ್ಣ ಫಿಲ್ಟರ್ ಕಾಯಿಲ್ ಸುಟ್ಟಿದೆ. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಶಾರ್ಟ್ ಆಗಿದೆ, ಹೆಚ್ಚಾಗಿ ಎಚ್‌ಡಿಎಂಐ ಚಿಪ್ಪಿನೊಳಗೇ. ಎಲ್ಲ ಡೇಟಾ ಪಿನ್ನೂ ಸರಿಯಿದ್ದು, ಮತ್ತೆ ಪವರ್ ಕೊಟ್ಟು ಅಳೆದಾಗ 18ರಲ್ಲಿ 5 ವೋಲ್ಟ್ ಮಾತ್ರ ಬರದಿದ್ದರೆ ಚಿಪ್ಪನ್ನು ಮುಟ್ಟುವ ಅಗತ್ಯವೇ ಇಲ್ಲ, ಆ 5 ವೋಲ್ಟಿನ ದಾರಿಯಲ್ಲಿರುವ ಪುಟ್ಟ ಫ್ಯೂಸನ್ನೋ ಸ್ವಿಚ್ ಐಸಿಯನ್ನೋ ನೋಡಬೇಕು. ಕೆಲವೇ ನಿಮಿಷದ ಈ ಅಳತೆ ಬಿಟ್ಟು ನೇರ ಪೋರ್ಟ್ ಕೀಳುವುದನ್ನು ನಾನು ರಿಪೇರಿ ಎನ್ನುವುದಿಲ್ಲ.

ಯಾಕೆಂದರೆ ಪೋರ್ಟ್ ಕೀಳುವುದು ಸಣ್ಣ ಕೆಲಸವಲ್ಲ. ಅದರ ಕಾಲುಗಳು ಬೋರ್ಡಿನ ದಪ್ಪ ಗ್ರೌಂಡ್ ತಾಮ್ರಕ್ಕೆ ಅಂಟಿವೆ, ಕೊಟ್ಟ ಶಾಖವನ್ನೆಲ್ಲ ಆ ತಾಮ್ರ ಹೀರಿಕೊಳ್ಳುತ್ತದೆ. ಸೀಸವಿಲ್ಲದ ಸೋಲ್ಡರ್ ಕರಗುವುದು 217 ಡಿಗ್ರಿಯ ಆಸುಪಾಸಿನಲ್ಲಿ. ಕಾಲು ಪೂರ್ತಿ ಬಿಡುವ ಮುನ್ನ ಎಳೆದರೆ ಪಿನ್‌ಗಳನ್ನು ಬೆಸೆದಿರುವ 19 ತಾಮ್ರದ ಪ್ಯಾಡ್‌ಗಳಲ್ಲಿ ಒಂದೆರಡು ಪೋರ್ಟಿನ ಜೊತೆಗೇ ಎದ್ದು ಬರುತ್ತವೆ. ಕೆಳಗಿನಿಂದ ಪ್ರೀಹೀಟರ್, ಮೇಲಿನಿಂದ ಹಾಟ್ ಏರ್, ಜೊತೆಗೆ ಸೀಸದ ಸೋಲ್ಡರ್ ಬೆರೆಸಿ ಕರಗುವ ಬಿಂದು ಇಳಿಸಿಕೊಂಡು ನಿಧಾನವಾಗಿ ಎತ್ತಬೇಕು. ಕಿತ್ತುಹೋದ ಪ್ಯಾಡಿಗೆ ಆಮೇಲೆ ಮೈಕ್ರೋಸ್ಕೋಪಿನ ಕೆಳಗೆ ಕೂದಲಿನಂಥ ಎನಾಮಲ್ ತಂತಿ ಎಳೆಯಬಹುದು. ಚಿತ್ರ ಬರುತ್ತದೆ, ಆದರೆ ಅತಿ ವೇಗದ ಡೇಟಾ ಜೋಡಿಯಲ್ಲಿ ಅಂಥ ಜಂಪರ್ ಇದ್ದರೆ 4ಕೆಯಲ್ಲಿ ಆಗಾಗ ಮಿನುಗುವ ಚುಕ್ಕೆಗಳು ಕಾಣಿಸುವುದುಂಟು. ಮನೆಯಲ್ಲಿ ಬರೀ ಸೋಲ್ಡರಿಂಗ್ ಐರನ್ ಇಟ್ಟುಕೊಂಡು ಇದಕ್ಕೆ ಕೈಹಾಕಬೇಡಿ ಎಂದು ನಾನು ಹೇಳುವುದು ವ್ಯಾಪಾರಕ್ಕಲ್ಲ. ಪ್ಲೇಸ್ಟೇಷನ್ 4 ಮತ್ತು 5ರ ಪವರ್ ಸಪ್ಲೈ ಕನ್ಸೋಲಿನ ಒಳಗೇ ಇದೆ, ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರಿನಲ್ಲಿ ಅಪಾಯಕಾರಿ ವೋಲ್ಟೇಜ್ ಸ್ವಲ್ಪ ಹೊತ್ತು ಉಳಿದಿರುತ್ತದೆ.

ಚಿಪ್ ಯಾಕೆ ಸುಡುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನಾನು ಕಂಡಂತೆ ದೊಡ್ಡ ಕಾರಣಗಳು ಎರಡು. ಒಂದು ಸಿಡಿಲು: ಡಿಶ್ ಅಥವಾ ಕೇಬಲ್ ವೈರಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಮೂಲಕ ಕನ್ಸೋಲಿಗೆ. ಅಂಥ ಕಡೆ ಟಿವಿಯ ಪೋರ್ಟೂ ಸತ್ತಿರುತ್ತದೆ, ಕನ್ಸೋಲ್ ಮಾತ್ರ ರಿಪೇರಿ ಮಾಡಿಸಿ ಒಯ್ದರೆ ಮತ್ತೆ ಅದೇ ಕಪ್ಪು ಪರದೆ. ಎರಡನೆಯದು ಎರಡೂ ಸಾಧನ ಪ್ಲಗ್ಗಿನಲ್ಲಿರುವಾಗಲೇ ಕೇಬಲ್ ಸಿಕ್ಕಿಸುವುದು. ಎರಡು ಪಿನ್ನಿನ ಪ್ಲಗ್ ಇರುವ ಸಾಧನಗಳಿಗೆ ಅರ್ಥಿಂಗ್ ಇಲ್ಲ. ಅವುಗಳ ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರಿನಿಂದ ಒಂದಿಷ್ಟು ಲೀಕೇಜ್ ಲೋಹದ ಭಾಗಗಳ ಮೇಲೆ ಸದಾ ಇರುತ್ತದೆ, ಬೆರಳು ಸವರಿದರೆ ಜುಮ್ಮೆನ್ನುವುದು ಅದೇ. ಪ್ಲಗ್ಗಿನ ಲೋಹದ ಕವಚ ಮೊದಲು ತಾಗಿದರೆ ಅದು ಹಾಗೇ ಇಳಿದುಹೋಗುತ್ತದೆ. ಟಿವಿಯ ಹಿಂದೆ ಕೈ ತೂರಿಸಿ ಕಾಣದೆ ಓರೆಯಾಗಿ ಚುಚ್ಚಿದಾಗ ಪಿನ್ ಮೊದಲು ತಾಗಿದರೆ ಚಿಪ್ಪಿನ ಮೂಲಕವೇ ಇಳಿಯುತ್ತದೆ. ಮೇಲೆ ಹೇಳಿದ ಸ್ವಿಚ್ ಡಾಕ್ ಒಂದನ್ನು ಬಿಟ್ಟರೆ, ಕೇಬಲ್ ಮೊದಲು, ಪವರ್ ಆಮೇಲೆ.

ರಿಪೇರಿ ಮುಗಿದ ಮೇಲೆ ಹೋಮ್ ಸ್ಕ್ರೀನ್ ಕಂಡಿತೆಂದು ಸ್ಕ್ರೂ ಬಿಗಿಯುವುದಲ್ಲ. ಆ ಕನ್ಸೋಲಿಗೆ ಆಗುವ ಗರಿಷ್ಠ ರೆಸಲ್ಯೂಶನ್ನಿನಲ್ಲಿ, ಎಚ್‌ಡಿಆರ್ ಹಾಕಿ, ಬಿಸಿಯಾಗುವವರೆಗೆ ಒಂದು ಆಟ ಓಡಿಸಬೇಕು, ನಡುವೆ ಕೇಬಲ್ಲನ್ನು ಮೆಲ್ಲಗೆ ಅಲ್ಲಾಡಿಸಿ ನೋಡಬೇಕು. ಗಿರಾಕಿಯ ಹಳೆ ಕೇಬಲ್ಲನ್ನೂ ತರಿಸಿಕೊಂಡು ಅದರ ಬಾಯನ್ನು ನೋಡುತ್ತೇನೆ. ಕವಚ ಜಜ್ಜಿಹೋಗಿದ್ದರೆ ಅಥವಾ ಒಳಗೆ ಮುರಿದ ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡಿದ್ದರೆ ಅದನ್ನು ಹೊಸ ಪೋರ್ಟಿಗೆ ಹಾಕಲು ಬಿಡುವುದಿಲ್ಲ. ಹಳೆ ಪೋರ್ಟಿನ ಪಿನ್ ಬಗ್ಗಿಸಿದ ಕೇಬಲ್ಲೇ ಹೊಸದನ್ನೂ ಬಗ್ಗಿಸುತ್ತದೆ.