ಹ್ಯಾಮ್ ಆಗಬೇಕಾ? ಮೊದಲು ಸೂರ್ಯ ಮುಳುಗಲಿ

ತಾತನ ಮನೆಯಲ್ಲಿ ಒಂದು ಹಳೆಯ ವಾಲ್ವ್ ರೇಡಿಯೋ ಇತ್ತು. ಹಗಲಲ್ಲಿ ಹತ್ತಿರದ ಆಕಾಶವಾಣಿ ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ. ರಾತ್ರಿ ಊಟ ಮುಗಿಸಿ ಮುಳ್ಳು ತಿರುಗಿಸಿದರೆ ತಮಿಳು, ಸಿಂಹಳ, ಯಾವುದೋ ಗೊತ್ತಿಲ್ಲದ ಭಾಷೆ, ಎಲ್ಲ ತೇಲಿ ಬರುತ್ತಿದ್ದವು. "ರಾತ್ರಿ ಗಾಳಿ ತಣ್ಣಗಿರುತ್ತೆ ಕಣಪ್ಪ, ಅದಕ್ಕೆ" ಅನ್ನುತ್ತಿದ್ದರು ತಾತ. ಈ ಮಾತು ಈಗಲೂ ಕಿವಿಗೆ ಬೀಳುತ್ತಿರುತ್ತದೆ. ತಂಪಿಗೂ ಇದಕ್ಕೂ ಸಂಬಂಧವೇ ಇಲ್ಲ. ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಕ್ಕಾಗಿ ಸ್ವಂತ ಸೆಟ್ಟಿನಲ್ಲಿ ದೂರದವರ ಜೊತೆ ಮಾತಾಡುವುದನ್ನು, ಕಲಿಯಬೇಕು ಅಂತ ಬರುವವರಿಗೆ ಸೆಟ್ಟು ತೋರಿಸುವ ಮೊದಲು ನಾನು ಇದನ್ನೇ ಹೇಳುತ್ತೇನೆ.

ನಮ್ಮ ತಲೆಯ ಮೇಲೆ, ಸುಮಾರು 60 ಕಿಲೋಮೀಟರಿನಿಂದ ಆಚೆಗೆ, ಬಿಸಿಲಿನ ಹೊಡೆತಕ್ಕೆ ಗಾಳಿಯ ಕಣಗಳಿಂದ ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ. ಅದೇ ಅಯಾನುಗೋಲ. ರೇಡಿಯೋ ಅಲೆ ಅಲ್ಲಿಗೆ ಹೋದರೆ ಆ ಎಲೆಕ್ಟ್ರಾನುಗಳನ್ನು ಉಯ್ಯಾಲೆಯಂತೆ ತೂಗುತ್ತದೆ. ತೂಗಿದ ಎಲೆಕ್ಟ್ರಾನು ಪಡೆದದ್ದನ್ನು ಮತ್ತೆ ಅಲೆಯಾಗಿಯೇ ವಾಪಸ್ ಕೊಡುತ್ತದೆ. ಆದರೆ ಉಯ್ಯಾಲೆ ಎಲ್ಲಿ ಕಟ್ಟಿದ್ದೀರಿ ಅನ್ನುವುದು ಮುಖ್ಯ. ಜಾತ್ರೆಯ ನಡುವೆ ಕಟ್ಟಿದರೆ ಅವರಿವರಿಗೆ ತಾಗಿ ನಾಲ್ಕು ತೂಗಿಗೆ ನಿಂತುಬಿಡುತ್ತದೆ. ಬಯಲಲ್ಲಿ ಕಟ್ಟಿದರೆ ತೂಗುತ್ತಲೇ ಇರುತ್ತದೆ.

ಕೆಳಗಿನ 60-90 ಕಿಲೋಮೀಟರಿನ ಡಿ ಪದರ ಆ ಜಾತ್ರೆ. ಅಲ್ಲಿ ಗಾಳಿಯ ಕಣಗಳು ಜಾಸ್ತಿ. ಎಲೆಕ್ಟ್ರಾನು ಅವಕ್ಕೆ ಡಿಕ್ಕಿ ಹೊಡೆದು ಹೊಡೆದು ಅಲೆಯ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಒಣ ಮಣ್ಣು ನೀರು ಕುಡಿದ ಹಾಗೆ. ಇನ್ನೂ ಮೇಲೆ, ಇನ್ನೂರು ಮುನ್ನೂರು ಕಿಲೋಮೀಟರಿನಲ್ಲಿರುವ ಎಫ್ ಪದರ ಬಯಲು. ಅಲ್ಲಿ ಅಲೆ ಮೆಲ್ಲಗೆ ಬಾಗಿ, ಕೇರಂ ಬೋರ್ಡಿನ ಅಂಚಿಗೆ ಬಡಿದ ಸ್ಟ್ರೈಕರ್ ತಿರುಗಿದಂತೆ, ನೆಲಕ್ಕೆ ಮರಳುತ್ತದೆ. ಒಂದೇ ನೆಗೆತಕ್ಕೆ ಮೂರು ಸಾವಿರ ಕಿಲೋಮೀಟರು ದಾಟಬಲ್ಲದು. ಸೂರ್ಯ ಮುಳುಗಿದ ಕೂಡಲೇ ಡಿ ಪದರದ ಎಲೆಕ್ಟ್ರಾನುಗಳು ಬೇಗ ಬೇಗ ತಮ್ಮ ಜೊತೆ ಹುಡುಕಿಕೊಂಡು ಸೇರಿಬಿಡುತ್ತವೆ, ಜಾತ್ರೆಯಲ್ಲಿ ತೂಗಲು ಉಯ್ಯಾಲೆಯೇ ಉಳಿಯುವುದಿಲ್ಲ, ಅಲೆಯ ಶಕ್ತಿ ಅಲ್ಲಿ ಸೋರುವುದಿಲ್ಲ. ಮೇಲಿನ ಬಯಲಲ್ಲಿ ಒಬ್ಬರಿಗೊಬ್ಬರು ಸಿಗುವುದೇ ಕಷ್ಟ, ಆ ಪದರ ರಾತ್ರಿಯಿಡೀ ಉಳಿಯುತ್ತದೆ. ತಾತನ ಸಿಂಹಳ ಹಾಡು ಬರುತ್ತಿದ್ದದ್ದು ಹೀಗೆ.

ಇದನ್ನು ಬಳಸಿ ತೋರಿಸಿದವರಲ್ಲಿ ಹವ್ಯಾಸಿಗಳ ಪಾಲು ದೊಡ್ಡದು. 1901ರ ಡಿಸೆಂಬರ್ 12ರಂದು ಇಂಗ್ಲೆಂಡಿನಿಂದ ಹೊರಟ ಮೂರು ಚುಕ್ಕೆಗಳನ್ನು, ಅಂದರೆ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತದ 'ಎಸ್' ಅಕ್ಷರವನ್ನು, ನ್ಯೂಫೌಂಡ್‌ಲ್ಯಾಂಡಿನಲ್ಲಿ ಗಾಳಿಪಟಕ್ಕೆ ಕಟ್ಟಿದ ತಂತಿಯಲ್ಲಿ ಕೇಳಿದೆ ಅಂದ ರೇಡಿಯೋ ಸಂಶೋಧಕ ಮಾರ್ಕೋನಿ. ಭೂಮಿ ದುಂಡಗಿದೆ, ಅಲೆ ಬಾಗಿದ್ದು ಹೇಗೆ? ಮರುವರ್ಷವೇ ಕೆನ್ನೆಲಿ ಮತ್ತು ಹೆವಿಸೈಡ್ ಎಂಬ ವಿಜ್ಞಾನಿಗಳು ಮೇಲೊಂದು ಪದರ ಇರಬೇಕು ಅಂದರು. 1912ರಲ್ಲಿ ಅಮೆರಿಕದ ಕಾನೂನು ಹವ್ಯಾಸಿಗಳನ್ನು 200 ಮೀಟರಿಗಿಂತ ಚಿಕ್ಕ ಅಲೆಗಳಿಗೆ ತಳ್ಳಿತು. ಅದು ಯಾರಿಗೂ ಬೇಡದ ಬೀಳು ನೆಲ. ಅದೇ ಬೀಳಿನಲ್ಲಿ ಬೆಳೆ ತೆಗೆದರು ಇವರು! 1923ರ ನವೆಂಬರಿನಲ್ಲಿ ಸುಮಾರು 110 ಮೀಟರಿನ ಅಲೆಯಲ್ಲಿ ಅಮೆರಿಕದ ಹವ್ಯಾಸಿಗಳು ಫ್ರಾನ್ಸಿನ ಹವ್ಯಾಸಿಯೊಬ್ಬನ ಜೊತೆ ಅಟ್ಲಾಂಟಿಕ್‌ನ ಆಚೆ ಈಚೆ ಸಂದೇಶ ಕಳಿಸಿಕೊಂಡರು.

ಮೊಬೈಲ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳುತ್ತಾರೆ. ಮೊಬೈಲಿನ ಅಲೆ ಹೋಗುವುದು ಹತ್ತಿರದ ಟವರಿನ ತನಕ. ಟವರ್ ಬಿದ್ದರೆ ಮಾತು ನಿಂತಿತು. 2004ರ ಸುನಾಮಿಯಲ್ಲಿ ಅಂಡಮಾನಿನಲ್ಲಿ ಆದದ್ದು ಅದೇ. ಹ್ಯಾಮ್ ಪ್ರಯೋಗಕ್ಕೆಂದು ಪೋರ್ಟ್ ಬ್ಲೇರಿಗೆ ಬಂದಿದ್ದ ಭಾರತಿ ಪ್ರಸಾದ್ ಅವರ ತಂಡ ಆಗ ಅಲ್ಲಿನ ಸುದ್ದಿಯನ್ನು ಹೊರಗೆ ಮುಟ್ಟಿಸಿತು.

ಇನ್ನೊಂದು ಮಾತು, ಇದು ನನ್ನನ್ನು ಕಾಡುತ್ತದೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ಮಂಗಳೂರು, ಕೊಡಗಿನ ಕಡೆ ಎಷ್ಟು ಚೆನ್ನಾಗಿ ಕಂಡಿತು! ಆದರೂ ಎಷ್ಟೋ ಮನೆಗಳಲ್ಲಿ ನೀರಿಗೆ ದರ್ಭೆ ಹಾಕಿ ಮಕ್ಕಳನ್ನು ಒಳಗೆ ಕೂಡಿಹಾಕಿದ್ದರು. ಗ್ರಹಣದ ನೆರಳು ಹಾದುಹೋಗುವಾಗ ಡಿ ಪದರ ತೆಳ್ಳಗಾಗುತ್ತದೆ, ಹಗಲಲ್ಲೇ ದೂರದ ದನಿಗಳು ಕೇಳುತ್ತವೆ. 2017ರ ಆಗಸ್ಟ್ 21ರ ಗ್ರಹಣದಲ್ಲಿ ಅಮೆರಿಕದ ಹ್ಯಾಮ್‌ಗಳು ಇದನ್ನೇ ಅಳೆಯಲು ಸೆಟ್ಟು ಹಾಕಿಕೊಂಡು ಕೂತಿದ್ದರು. ಆ ಮಕ್ಕಳಿಗೂ ಒಂದೊಂದು ರೇಡಿಯೋ ಕೊಟ್ಟಿದ್ದರೆ!

ಮಾತಾಡಲು ಲೈಸೆನ್ಸ್ ಬೇಕು. 12 ವರ್ಷ ತುಂಬಿದವರು ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆಯಬಹುದು. ಕೆಳಗಿನ ದರ್ಜೆಗೆ ಮೋರ್ಸ್ ಬೇಕಿಲ್ಲ, ಅದರ ಕಾಲ್ ಸೈನ್, ಅಂದರೆ ರೇಡಿಯೋದಲ್ಲಿ ನಿಮ್ಮ ಗುರುತಿನ ಹೆಸರು, 'ವಿಯು3' ಅಂತ ಶುರುವಾಗುತ್ತದೆ. ಆಂಟೆನಾಗೆ ದುಡ್ಡು ಸುರಿಯಬೇಡಿ. 7 ಮೆಗಾಹರ್ಟ್ಸ್‌ಗೆ ತಲಾ 10 ಮೀಟರಿನ ಎರಡು ತಾಮ್ರದ ತಂತಿ, ನಡುವೆ ಕೇಬಲ್, ಆ ಕಡೆ ತೆಂಗಿನಮರ, ಈ ಕಡೆ ನೀರಿನ ಟ್ಯಾಂಕು. ನಮ್ಮ ತಾರಸಿಯಲ್ಲಿರುವುದೂ ಇಷ್ಟೇ.

ಮೊದಲ ಸಲ ಬಂದವರನ್ನು ಸಂಜೆ ಐದಕ್ಕೆ ಕೂರಿಸುತ್ತೇನೆ. ಆಗ ಚೆನ್ನೈ, ಹೈದರಾಬಾದಿನ ದನಿಗಳು ಸಲೀಸಾಗಿ ಕೇಳುತ್ತಿರುತ್ತವೆ. ಆರೂವರೆ ದಾಟಿ ಕತ್ತಲಾಗುತ್ತಾ ಬಂದಂತೆ ಅವು ಒಂದೊಂದಾಗಿ ಸಣ್ಣಗಾಗುತ್ತವೆ. ಅವುಗಳ ಹಿಂದಿನಿಂದ, ಚರಚರ ಸದ್ದಿನ ನಡುವೆ, ಇಂಡೋನೇಷ್ಯಾದ ಯಾರೋ ನಿಧಾನವಾಗಿ ತಮ್ಮ ಕಾಲ್ ಸೈನ್ ಹೇಳಲು ಶುರುಮಾಡುತ್ತಾರೆ.